ಬೇಚರಾಕ್ ಊರಿನಲ್ಲಿ ಎರಡು ರಾತ್ರಿ

ಪರವಾನಗಿ ಕೊಡುವ ಕೌಂಟರಿನಲ್ಲಿದ್ದ ರೇಂಜರ್ ನಕ್ಷೆಯನ್ನು ನಮ್ಮ ಕಡೆ ತಿರುಗಿಸಿ ಪೆನ್ನಿನಿಂದ ಎರಡು ಗೆರೆ ಎಳೆದರು. ಒಂದು ಸಮುದ್ರದ ಅಂಚಿಗೆ, ಇನ್ನೊಂದು ಅದರ ಹಿಂದೆ ನಿಂತ ಬಂಡೆಗೋಡೆಯ ಬುಡಕ್ಕೆ. "ಟೆಂಟನ್ನು ಈ ಎರಡರ ನಡುವೆ ಹಾಕಿ. ನೆಲ ಜೋರಾಗಿ ನಡುಗಿದರೆ ಸೈರನ್ ಕೂಗಲೆಂದು ಕಾಯಬೇಡಿ. ಅಲ್ಲಿ ಸೈರನ್ ಇಲ್ಲ. ಸಾಮಾನು ಬಿಟ್ಟು ಎತ್ತರಕ್ಕೆ ಹೋಗಿ. ಆದರೆ ಗೋಡೆಯ ಬುಡದಲ್ಲಿ ನಿಲ್ಲಬೇಡಿ, ಕಲ್ಲು ಉರುಳುತ್ತವೆ" ಎಂದರು. ಆಮೇಲೆ ಮಳೆನೀರಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ತಿಳಿಸಿ, ಅದನ್ನು ಶುದ್ಧಮಾಡದೆ ಕುಡಿಯಕೂಡದೆಂದು ಎಚ್ಚರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ನಕ್ಷೆಯ ಮೇಲೆ ನಾನು ನೋಡಿದ್ದು ಅದೇ ಮೊದಲು.

ಆ ಜಾಗದ ಹೆಸರು ಹಲಪೇ. ಹವಾಯಿಯ ದೊಡ್ಡ ದ್ವೀಪದಲ್ಲಿ, ಕಿಲೌಯಾ ಜ್ವಾಲಾಮುಖಿಯ ದಕ್ಷಿಣದ ಇಳಿಜಾರು ಸಮುದ್ರಕ್ಕೆ ಮುಟ್ಟುವಲ್ಲಿ ಇದೆ. ರಸ್ತೆಯಿಲ್ಲ. ಹಿಲಿನಾ ಪಾಲಿ ಎಂಬ ದಿಬ್ಬದ ತುದಿಯಲ್ಲಿ ಕಾರು ಬಿಟ್ಟರೆ ಸುಮಾರು 13 ಕಿಲೋಮೀಟರ್ ನಡೆಯಬೇಕು, 2,280 ಅಡಿ ಇಳಿಯಬೇಕು. ವಾಪಸು ಬರುವಾಗ ಅಷ್ಟನ್ನೂ ಹತ್ತಬೇಕು. ದಾರಿಯಲ್ಲಿ ನೆರಳಿಲ್ಲ, ನೀರಿಲ್ಲ.

ನಾನು ಅಲ್ಲಿಗೆ ಹೋದದ್ದು ಚಾರಣದ ಹುಚ್ಚಿನಿಂದಲ್ಲ. ನನ್ನ ಪಿಎಚ್‌ಡಿ ಹಳೆಯ ಕಲಾದಗಿ, ವಿಜಯಪುರ ಸೀಮೆಯ ಬೇಚರಾಕ್ ಗ್ರಾಮಗಳ ಮೇಲೆ. ಕಂದಾಯ ದಾಖಲೆ ನೋಡಿದವರಿಗೆ ಈ ಪದ ಗೊತ್ತು. ಹೆಸರಿದೆ, ಸರ್ವೆ ನಂಬರಿದೆ, ಗಡಿಯಿದೆ, ಕೆಲವು ಕಡೆ ಹನುಮಪ್ಪನ ಗುಡಿಯೂ ಇದೆ. ಜನ ಇಲ್ಲ. ಫಾರಸಿಯ 'ಬೇ-ಚಿರಾಗ್' ಎಂಬುದು ನಮ್ಮ ತಲಾಠಿಗಳ ಬಾಯಲ್ಲಿ ಸವೆದು ಬೇಚರಾಕ್ ಆಗಿದೆ. ದೀಪವಿಲ್ಲದ್ದು ಎಂದು ಅರ್ಥ. 1876–78ರ ಬರದಲ್ಲಿ, ಪ್ಲೇಗಿನಲ್ಲಿ, ಹೊಳೆಯ ಮಹಾಪೂರದಲ್ಲಿ ಊರುಗಳು ಹೇಗೆ ಖಾಲಿಯಾದವು, ಖಾಲಿಯಾದ ಮೇಲೆ ಕಾಗದದಲ್ಲಿ ಹೇಗೆ ಉಳಿದವು ಎಂಬುದು ನನ್ನ ಪ್ರಶ್ನೆ. ಕಳೆದ ಫೆಬ್ರವರಿಯಲ್ಲಿ ವಿಪತ್ತುಗಳ ಇತಿಹಾಸದ ಒಂದು ಸಮ್ಮೇಳನಕ್ಕೆ ಹವಾಯಿಗೆ ಹೋಗುವ ಅವಕಾಶ ಸಿಕ್ಕಿತು. ಅಲ್ಲಿ ಪರಿಚಯವಾದ ಹಿಲೋ ಪಟ್ಟಣದ ಸಂಶೋಧಕಿಯೊಬ್ಬಳು ನನ್ನ ಪ್ರಬಂಧ ಕೇಳಿ, "ನಿನ್ನ ಆ ದೀಪವಿಲ್ಲದ ಊರು ನಮ್ಮಲ್ಲೂ ಇದೆ. ನಾವು ಅದಕ್ಕೆ ವಿಲ್ಡರ್ನೆಸ್ ಅನ್ನುತ್ತೇವೆ" ಎಂದಳು. ಸಮ್ಮೇಳನ ಮುಗಿದ ಮೇಲೆ ಮೂರು ದಿನ ಉಳಿದಿದ್ದವು. ಮನೆಗೆ ಫೋನ್ ಮಾಡಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಒಬ್ಬಾಕಿನೇ ಹೊಂಟಿಲ್ಲಲ್ಲ?"

ವಿಲ್ಡರ್ನೆಸ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಇಳಿಯುವ ದಾರಿಯುದ್ದಕ್ಕೂ ಯೋಚಿಸಿದೆ. ಅಡವಿ ಅಂದರೆ ಮರ ಬೇಕು, ಇಲ್ಲಿ ಮರವಿಲ್ಲ. ಬೀಳು ಅಂದರೆ ಯಾರೋ ಉಳುವುದನ್ನು ಬಿಟ್ಟ ನೆಲ. ಹಾಳು ಅಂದರೆ ಯಾವುದೋ ಒಂದು ಹಿಂದೆ ಚೆನ್ನಾಗಿತ್ತು ಎಂದಾಯಿತು. ನಮ್ಮ ಒಂದೊಂದು ಪದವೂ ಮನುಷ್ಯನನ್ನು ಎಲ್ಲೋ ಒಂದು ಮೂಲೆಯಲ್ಲಿ ಇಟ್ಟುಕೊಂಡೇ ಇದೆ. ಅಮೆರಿಕದ 1964ರ ಕಾಯ್ದೆ ಕೊಡುವ ವಿವರಣೆ ಬೇರೆ: ಅಲ್ಲಿ ಮನುಷ್ಯ ಬಂದುಹೋಗುವ ಅತಿಥಿ ಮಾತ್ರ, ನಿಲ್ಲುವವನಲ್ಲ ಎಂಬ ಅರ್ಥ ಬರುವಂತೆ ಅದು ಹೇಳುತ್ತದೆ. ಆ ಕಾಯ್ದೆಯ ಪ್ರಕಾರ ಈ ರಾಷ್ಟ್ರೀಯ ಉದ್ಯಾನದ ಸುಮಾರು 1 ಲಕ್ಷ 23 ಸಾವಿರ ಎಕರೆಯನ್ನು 1978ರಲ್ಲಿ ವಿಲ್ಡರ್ನೆಸ್ ಎಂದು ಘೋಷಿಸಲಾಯಿತು. ಹಲಪೇ ಇರುವ ಕಡಲಂಚು ಸಹ ಆ ಕಾಡುನಾಡಿನ ಭಾಗ.

ಕಲ್ಲಿನ ವಿಷಯದಲ್ಲಿ ಮಾತ್ರ ನಾನು ಅಲ್ಲಿ ಪರಕೀಯಳಾಗಿರಲಿಲ್ಲ. ನಾನು ಎರಿಭೂಮಿಯಲ್ಲಿ ಬೆಳೆದವಳು. ನಮ್ಮ ಹೊಲದ ಕರಿಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಕೊಳೆತು ಆದದ್ದು. ದಖ್ಖನಿನ ಕಲ್ಲನ್ನು ವಿವರಿಸುವ ಭೂವಿಜ್ಞಾನಿಗಳು ಇಂದಿಗೂ ಬಳಸುವ ಎರಡು ಪದ ಹವಾಯಿಯವು: ಹಗ್ಗ ಸುತ್ತಿಟ್ಟಂತೆ ನುಣುಪಾಗಿ ಹೆಪ್ಪುಗಟ್ಟಿದ್ದು ಪಹೋಯ್‌ಹೋಯ್, ಮುಳ್ಳುಮುಳ್ಳಾಗಿ ಪುಡಿಪುಡಿಯಾದದ್ದು ಆಆ. ಪಠ್ಯಪುಸ್ತಕದಲ್ಲಿ ಓದಿದ್ದ ಈ ಪದಗಳು ಅಂಗಾಲಿಗೆ ಅರ್ಥವಾಗಲು ಒಂದು ಗಂಟೆ ಸಾಕಾಯಿತು. ಬೂಟಿನ ಅಟ್ಟೆ ಒಂದು ಕಡೆ ಕಿತ್ತುಬಂತು. ದಾರಿ ಎಂದು ಗುರುತಿಸಲು ಇರುವುದು ಅಲ್ಲಲ್ಲಿ ಒಂದರ ಮೇಲೊಂದು ಇಟ್ಟ ಕಲ್ಲಿನ ಗುಪ್ಪೆಗಳು. ಒಂದು ಗುಪ್ಪೆಯ ಹತ್ತಿರ ನಿಂತು ಇನ್ನೊಂದನ್ನು ಕಣ್ಣಲ್ಲಿ ಹುಡುಕಿಕೊಂಡ ಮೇಲೆಯೇ ಹೆಜ್ಜೆ ಇಡಬೇಕು.

ಮಧ್ಯಾಹ್ನ ಮೂರರ ಹೊತ್ತಿಗೆ ಹಲಪೇ ಕಂಡಿತು. ಎಡಗಡೆಗೆ ಪುಉ ಕಪುಕಪು ಎಂಬ ಸಾವಿರ ಅಡಿಯ ಕಡಿದಾದ ಬೆಟ್ಟ, ಕೆಳಗೆ ಅಂಗೈಯಗಲದ ಬಿಳಿ ಮರಳು, ಕೆಲವು ತೆಂಗಿನ ಮರ, ಮೂರು ಕಡೆ ಕಲ್ಲುಗೋಡೆಯಿದ್ದು ಒಂದು ಕಡೆ ತೆರೆದ ಒಂದು ಆಸರೆ, ಅದರ ಮಗ್ಗುಲಿಗೆ ನೀರಿನ ಟ್ಯಾಂಕು. ಅಷ್ಟೇ. ನೇನೇ ಎಂಬ ಸ್ಥಳೀಯ ಬಾತುಗಳೆರಡು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಯುತ್ತಿದ್ದವು.

ಟೆಂಟು ಹಾಕುವುದೇ ಒಂದು ಪಾಠವಾಯಿತು. ಲಾವಾ ಕಲ್ಲಿಗೆ ಗೂಟ ಇಳಿಯುವುದಿಲ್ಲ. ಹಗ್ಗದ ತುದಿಗೆ ಕಲ್ಲು ಕಟ್ಟಬೇಕು. ಗಾಳಿ ಬೀಸುವ ಕಡೆಗೆ ಮೊಣಕಾಲೆತ್ತರದ ಕಲ್ಲಿನ ಒಡ್ಡು ಇದ್ದರೆ ಒಳ್ಳೆಯದು. ಹಿಂದೆ ಬಂದವರು ಪೇರಿಸಿಟ್ಟ ಅಂಥ ಒಡ್ಡುಗಳು ಅಲ್ಲಿ ಹಲವಿದ್ದವು. ಇದರಲ್ಲಿ ಯಾವುದು ಹೋದ ವರ್ಷದ ಚಾರಣಿಗರದ್ದು, ಯಾವುದು ಇನ್ನೂರು ವರ್ಷದ ಹಿಂದಿನ ಬೆಸ್ತರದ್ದು ಎಂದು ನೋಡಿದರೆ ಗೊತ್ತಾಗುವುದಿಲ್ಲ ಎಂದಳು ಗೆಳತಿ. ಇದೇ ದ್ವೀಪದ ಮೌನಾ ಲೋವಾ ಶಿಖರದ ಮೇಲೆ, 13 ಸಾವಿರ ಅಡಿಗೂ ಎತ್ತರದಲ್ಲಿ, ಅಮೆರಿಕದ ನೌಕಾಧಿಕಾರಿ ಚಾರ್ಲ್ಸ್ ವಿಲ್ಕ್ಸ್ 1840ರ ಡಿಸೆಂಬರಿನಿಂದ 1841ರ ಜನವರಿಯವರೆಗೆ ಟೆಂಟು ಹಾಕಿಕೊಂಡು ಕುಳಿತಿದ್ದ. ಲೋಲಕದ ಪ್ರಯೋಗಕ್ಕೆಂದು ಹೋದವನು ಗಾಳಿಗೆ ಹೆದರಿ ಟೆಂಟುಗಳ ಸುತ್ತ ಲಾವಾ ಕಲ್ಲಿನ ಗೋಡೆ ಕಟ್ಟಿಸಿದ. ಆ ಗೋಡೆಗಳ ಅವಶೇಷ ಈಗಲೂ ಉಂಟು. ಅದಕ್ಕೆ ಐತಿಹಾಸಿಕ ಸ್ಥಳವೆಂಬ ಮಾನ್ಯತೆಯೂ ಸಿಕ್ಕಿದೆ. ಸಾಮಾನು ಹೊತ್ತ ನೂರಾರು ಹವಾಯಿ ಹಮಾಲರು ಬರಿಗಾಲಲ್ಲಿ ಚಳಿಗೆ ನಡುಗಿದ ಸಂಗತಿ ವಿಲ್ಕ್ಸನ ವೃತ್ತಾಂತದಲ್ಲಿ ಬರುತ್ತದೆ. ಆದರೆ ಅವರ ಹೆಸರಿನ ಯಾವ ಗೋಡೆಯೂ ಇಲ್ಲ.

ಊಟಕ್ಕೆ ನನ್ನ ಹತ್ತಿರ ಶೇಂಗಾ ಹಿಂಡಿ, ಅವಳ ಹತ್ತಿರ ಬೇಯಿಸಿದ ಗೆಣಸು. ಬೆಂಕಿ ಹೊತ್ತಿಸುವಂತಿಲ್ಲ. ಗೆಣಸಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಅವಳು 1975ರ ಕಥೆ ಶುರುಮಾಡಿದಳು. ಅದನ್ನು ನಾನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು 1976ರಲ್ಲಿ ಪ್ರಕಟಿಸಿದ ಪ್ರಾಥಮಿಕ ವರದಿಯಲ್ಲಿ ಆಗಲೇ ಓದಿದ್ದೆ. ಆ ಜಾಗದಲ್ಲೇ ಕೂತು ಕೇಳುವುದು ಬೇರೆ.

1975ರ ನವೆಂಬರ್ 29, ಶನಿವಾರ. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸಾಲು ರಜೆ. ಹಲಪೇಯಲ್ಲಿ ಆ ರಾತ್ರಿ 32 ಜನ ತಂಗಿದ್ದರು. ಹಿಲೋದಿಂದ ಬಂದ ಸ್ಕೌಟ್ ಹುಡುಗರು ಮತ್ತು ಅವರ ಜೊತೆಗಿದ್ದ ದೊಡ್ಡವರು, ಕುದುರೆಗಳ ಮೇಲೆ ಬಂದ ಮೀನು ಹಿಡಿಯುವವರ ಒಂದು ಗುಂಪು, ಇನ್ನು ಕೆಲವರು. ಆಗ ಇಲ್ಲಿ ಈಗಿನಂತೆ ಬೆರಳೆಣಿಕೆಯ ಮರಗಳಲ್ಲ, ದೊಡ್ಡ ತೆಂಗಿನ ತೋಪೇ ಇತ್ತು. ಕೆಲವರು ತೋಪಿನಲ್ಲಿ, ಕೆಲವರು ಆಸರೆಯೊಳಗೆ, ಕೆಲವರು ಬೆಟ್ಟದ ಕಡೆಗೆ ಮಲಗಿದ್ದರು.

ಬೆಳಗಿನ ಜಾವ 3 ಗಂಟೆ 36 ನಿಮಿಷಕ್ಕೆ ನೆಲ ನಡುಗಿತು. ತೀವ್ರತೆ 5.7. ಎಲ್ಲರಿಗೂ ಎಚ್ಚರವಾಯಿತು. ಪುಉ ಕಪುಕಪುವಿನ ಮೈಯಿಂದ ಕಲ್ಲುಗಳು ಕತ್ತಲಲ್ಲಿ ಸದ್ದು ಮಾಡುತ್ತ ಉರುಳಿದವು. ಬೆಟ್ಟದ ಬುಡದಲ್ಲಿ ಮಲಗಿದ್ದ ಕೆಲವರು ಹಾಸಿಗೆ ಎತ್ತಿಕೊಂಡು ಸಮುದ್ರದ ಕಡೆಗೆ, ತೋಪಿನ ಹತ್ತಿರಕ್ಕೆ ಬಂದರು. ಕಲ್ಲು ಬೀಳುವಾಗ ಬೆಟ್ಟದಿಂದ ದೂರ ಸರಿಯುವುದು ಬುದ್ಧಿವಂತಿಕೆಯೇ. ಯಾರಾದರೂ ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಮತ್ತೆ ಮಲಗಿದರು.

4 ಗಂಟೆ 48 ನಿಮಿಷಕ್ಕೆ ಎರಡನೆಯದು ಬಂತು. ಅದರ ತೀವ್ರತೆಯನ್ನು ಆಗ 7.2 ಎಂದು ಲೆಕ್ಕ ಹಾಕಿದರು, ಆಮೇಲೆ 7.7ಕ್ಕೆ ಪರಿಷ್ಕರಿಸಿದರು. ನಿಲ್ಲಲೂ ಆಗದಂಥ ಕಂಪನ. ಬೆಟ್ಟದಿಂದ ಈ ಸಲ ಬಂಡೆಗಳೇ ಕಳಚಿ ಬಿದ್ದವು. ಜನ ಬೆಟ್ಟಕ್ಕೆ ಬೆನ್ನು ತಿರುಗಿಸುವಷ್ಟರಲ್ಲಿ ಸಮುದ್ರ ಏರುವುದು ಕಂಡಿತು. ಕಂಪನ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲವೆನ್ನುವಷ್ಟು ಬೇಗ ಮೊದಲ ಅಲೆ ಬಂತು. ಈಗ ಎಲ್ಲರೂ ತಿರುಗಿ ಬೆಟ್ಟದ ಕಡೆಗೆ, ಬೀಳುವ ಕಲ್ಲುಗಳ ಕಡೆಗೇ ಓಡಿದರು. ಎರಡನೆಯ ಅಲೆ ಮೊದಲನೆಯದಕ್ಕಿಂತ ದೊಡ್ಡದು. ಅದು ಜನರನ್ನು, ಕುದುರೆಗಳನ್ನು, ಮುರಿದ ಮರಗಳನ್ನು, ಕಲ್ಲುಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗಿ ಬೆಟ್ಟದ ಬುಡದ ಬಳಿ ನೆಲದಲ್ಲಿದ್ದ ಆಳವಾದ ಬಿರುಕೊಂದರೊಳಗೆ ಸುರಿಯಿತು. ಬದುಕಿದವರಲ್ಲಿ ಹಲವರು ಬದುಕಿದ್ದು ಆ ಬಿರುಕಿನಿಂದಲೇ. ಹಿಂದಿರುಗುವ ನೀರು ಅವರನ್ನು ಸಮುದ್ರಕ್ಕೆ ಎಳೆದೊಯ್ಯಲಾಗಲಿಲ್ಲ. ಕತ್ತಲಲ್ಲಿ, ಒಬ್ಬರ ಮೇಲೊಬ್ಬರು, ಮರದ ದಿಮ್ಮಿಗಳ ನಡುವೆ ಸಿಕ್ಕಿಕೊಂಡು ಬೆಳಗಾಗುವುದನ್ನು ಕಾದರು. ಆಮೇಲೆ ಹೆಲಿಕಾಪ್ಟರ್ ಬಂತು.

ಸತ್ತವರು ಇಬ್ಬರು. ಒಬ್ಬರು ಸ್ಕೌಟ್ ತಂಡದ ಜೊತೆ ಬಂದ ಹಿರಿಯರು, ಇನ್ನೊಬ್ಬರು ಮೀನು ಹಿಡಿಯಲು ಬಂದವರು. ಎರಡನೆಯವರ ದೇಹ ಸಿಗಲೇ ಇಲ್ಲ. 19 ಜನ ಗಾಯಗೊಂಡರು. ಆ ಕರಾವಳಿಯಲ್ಲಿ ಅಲೆ ಏರಿದ ಗರಿಷ್ಠ ಎತ್ತರ 14 ಮೀಟರಿಗೂ ಹೆಚ್ಚು. ಸ್ವಲ್ಪ ಹೊತ್ತಿನಲ್ಲೇ ಮೇಲೆ ಕಿಲೌಯಾ ಶಿಖರದಲ್ಲಿ ಸಣ್ಣದೊಂದು ಸ್ಫೋಟವಾಗಿ ಲಾವಾ ಹೊರಬಂದು, ದಿನ ಮುಗಿಯುವ ಮೊದಲೇ ನಿಂತಿತು.

ಸೂರ್ಯ ಹುಟ್ಟಿದಾಗ ತೋಪು ಸಮುದ್ರದೊಳಗಿತ್ತು. ನೀರು ಬಂದು ಹಿಂದಿರುಗದೆ ನಿಂತದ್ದಲ್ಲ. ನೆಲವೇ ಇಳಿದಿತ್ತು, ಸುಮಾರು ಮೂರೂವರೆ ಮೀಟರ್. ಎರಡಾಳು ಎತ್ತರ. ಕಿಲೌಯಾದ ದಕ್ಷಿಣ ಮಗ್ಗುಲು ಹಳೆಯ ಸಾಗರತಳದ ಮೇಲೆ ಸಡಿಲವಾಗಿ ಕೂತಿದೆ. ಒಳಗಿಂದ ಶಿಲಾರಸ ಒತ್ತುತ್ತಿರುತ್ತದೆ. ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಅದು ಸದಾ ಸಮುದ್ರದ ಕಡೆ ಸರಿಯುತ್ತಲೇ ಇದೆ. ಯಾವಾಗಲೋ ಒಮ್ಮೆ ಒಂದೇ ಏಟಿಗೆ ಕೆಲವು ಮೀಟರ್ ಜಾರುತ್ತದೆ. ಸಮುದ್ರದಡಿಯ ನೆಲವೂ ಅದರ ಜೊತೆಗೆ ಕದಲುವುದರಿಂದ ಅಲೆ ಎಲ್ಲಿಂದಲೋ ಬರಬೇಕಾಗಿಲ್ಲ, ಕಾಲಬುಡದಲ್ಲೇ ಹುಟ್ಟುತ್ತದೆ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಒಂದು ಮುಳ್ಳು ಚುಚ್ಚುತ್ತದೆ. ಹವಾಯಿಯವರಿಗೆ ಸುನಾಮಿ ಹೊಸದಲ್ಲ. 1946ರಲ್ಲಿ ಅಲ್ಯೂಷಿಯನ್ ದ್ವೀಪಗಳ ಭೂಕಂಪದಿಂದ ಎದ್ದ ಅಲೆಗಳು ಹವಾಯಿಯಲ್ಲಿ 159 ಜನರನ್ನು ಕೊಂದವು. ಅದರ ಫಲವಾಗಿಯೇ 1949ರಲ್ಲಿ ಎಚ್ಚರಿಕೆ ಕೇಂದ್ರ ಶುರುವಾಯಿತು. 1960ರಲ್ಲಿ ಚಿಲಿಯಿಂದ ಬಂದ ಅಲೆ ಹಿಲೋದಲ್ಲಿ 61 ಜನರನ್ನು ಒಯ್ದಿತು. ಹಾಗಾಗಿ 1975ರಲ್ಲಿ ಸುನಾಮಿ ಅಂದರೆ ಸಾವಿರಾರು ಮೈಲಿ ಆಚೆಯಿಂದ ಬರುವುದು, ಬರಲು ಗಂಟೆಗಟ್ಟಲೆ ಹಿಡಿಯುವುದು, ಬರುವ ಮೊದಲು ಸೈರನ್ ಕೂಗುವುದು ಎಂಬ ತಿಳಿವಳಿಕೆ ಗಟ್ಟಿಯಾಗಿತ್ತು. ಹತ್ತಿರದಲ್ಲೇ ಹುಟ್ಟುವ ಸುನಾಮಿಯ ನೆನಪು ಇರಲಿಲ್ಲವೇ? ಇತ್ತು. ಅದು ಇದ್ದದ್ದು ಇದೇ ಹಲಪೇಯ ಅಕ್ಕಪಕ್ಕದ ಊರುಗಳಲ್ಲಿ. ಆ ಊರುಗಳೇ ಇರಲಿಲ್ಲ.

1868ರ ಮಾರ್ಚ್ ಕೊನೆಯ ವಾರದಿಂದ ದ್ವೀಪದ ದಕ್ಷಿಣ ಭಾಗ ಒಂದೇ ಸಮನೆ ಅದುರುತ್ತಿತ್ತು. ಏಪ್ರಿಲ್ 2ರ ಸಂಜೆ ನಾಲ್ಕರ ಸುಮಾರಿಗೆ ದೊಡ್ಡ ಕಂಪನ ಬಂತು. ಹವಾಯಿಯ ಬರೆದಿಟ್ಟ ಚರಿತ್ರೆಯಲ್ಲೇ ಅದು ಅತಿ ದೊಡ್ಡದು. ಬೆಟ್ಟದ ಮಣ್ಣು ಜಾರಿ 31 ಜನ ಸತ್ತರು, ಸಮುದ್ರದ ಅಲೆಗೆ 46 ಜನ. ಕಡಲಂಚಿನ ನೆಲ ಆಗಲೂ ಇಳಿದಿತ್ತು. ಹಲಪೇಯಿಂದ ಪೂರ್ವಕ್ಕೆ ನಡೆದರೆ ಮೊದಲು ಕೆಯೌಹೌ ಸಿಗುತ್ತದೆ, ಆಮೇಲೆ ಆಪುವಾ. ಕೆಯೌಹೌ ಆಗ ಸಣ್ಣ ಬಂದರು. ಮೇಲಿನ ಕಾಡಿನ ಮರಜರೀಗಿಡಗಳ ಮೈಮೇಲಿನ ರೇಷ್ಮೆಯಂಥ ಹೊಂಬಣ್ಣದ ನಾರನ್ನು ಕಿತ್ತು, ಒಣಗಿಸಿ, ಅಲ್ಲಿಂದ ಹಡಗಿಗೆ ತುಂಬುತ್ತಿದ್ದರು. ಪುಲು ಎಂಬ ಆ ನಾರು ಕ್ಯಾಲಿಫೋರ್ನಿಯದವರ ದಿಂಬು, ಹಾಸಿಗೆಗಳಿಗೆ ಹೋಗುತ್ತಿತ್ತು. ಅಲೆ ಅಲ್ಲಿನ ಮನೆಗಳನ್ನೂ ಪುಲುವಿನ ಗೋದಾಮನ್ನೂ ತೊಳೆದುಕೊಂಡು ಹೋಯಿತು. ಆಪುವಾ ಎಂಬ ಊರು ಪೂರ್ತಿ ಹೋಯಿತು, ಮತ್ತೆ ಕಟ್ಟಲಿಲ್ಲ. ಈಗ ಅದು ಬ್ಯಾಕ್‌ಪ್ಯಾಕ್ ಹೊತ್ತವರು ಟೆಂಟು ಹಾಕುವ ಇನ್ನೊಂದು ಜಾಗ. ಆಸರೆಯಿಲ್ಲ, ನೀರಿಲ್ಲ.

ಆದರೆ ಊರು ಖಾಲಿಯಾದದ್ದಕ್ಕೆಲ್ಲ ಅಲೆಯೇ ಕಾರಣ ಎಂದರೆ ಅದು ಸುಲಭದ ಉತ್ತರ. ನನ್ನ ಬೇಚರಾಕ್ ಗ್ರಾಮಗಳಲ್ಲೂ ಎಲ್ಲರೂ 'ಪ್ಲೇಗ್ ಬಂದು ಹೋತ್ರೀ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ದಾಖಲೆ ಬಿಚ್ಚಿದರೆ ಅದಕ್ಕೂ ಮೊದಲೇ ಸಾಲ, ಕಂದಾಯದ ಬಾಕಿ, ಒಡೆದ ಕೆರೆ ಸಿಗುತ್ತವೆ. ಇಲ್ಲೂ ಹಾಗೆಯೇ. ಹಡಗುಗಳ ಜೊತೆ ಬಂದ ರೋಗಗಳು ಜನರನ್ನು ಆಗಲೇ ಸವೆಸಿದ್ದವು. 1870ರ ದಶಕದ ಆರಂಭದ ಹೊತ್ತಿಗೆ ಇಡೀ ದ್ವೀಪಸಮೂಹದಲ್ಲಿ ಮೂಲ ಹವಾಯಿಯರು ಉಳಿದದ್ದು ಸುಮಾರು 50 ಸಾವಿರ. 1848ರ ಭೂವಿಂಗಡಣೆ ನೆಲವನ್ನು ಕಾಗದದ ಆಸ್ತಿಯಾಗಿ ಮಾಡಿತ್ತು. ಗೆಣಸು, ಮೀನು, ಉಪ್ಪು ನೆಚ್ಚಿಕೊಂಡಿದ್ದ ಒಣ ಕರಾವಳಿಯಿಂದ ಯುವಕರು ಕೂಲಿ ಸಿಗುವ ಕಡೆಗೆ ಹೋಗುತ್ತಿದ್ದರು. ಅಲೆ ಬಂದದ್ದು ಆಗಲೇ ತೆಳುವಾಗಿದ್ದ ಊರುಗಳ ಮೇಲೆ. ಆಮೇಲೆ ಇಲ್ಲಿ ಮನುಷ್ಯರಿಗಿಂತ ಆಡುಗಳೇ ಹೆಚ್ಚಾದವು.

1938ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಕಡಲಂಚನ್ನು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಲು ಕಾಯ್ದೆ ಮಾಡಿತು. ಆ ಕಾಯ್ದೆಯಲ್ಲಿ ಒಂದು ವಿಶೇಷ ಇದೆ: ಮೂಲ ಹವಾಯಿಯರಿಗೆ ಅಲ್ಲಿ ಮನೆಯ ಜಾಗವನ್ನು ಗೇಣಿಗೆ ಕೊಡಬಹುದು, ಮೀನು ಹಿಡಿಯುವ ಹಕ್ಕು ಆಸುಪಾಸಿನ ಹಳ್ಳಿಯವರಿಗೇ ಇರಬೇಕು ಎಂದು ಬರೆದಿದ್ದಾರೆ. ಅಂದರೆ 1938ರಲ್ಲಿ ಈ ನೆಲಕ್ಕೆ ಜನ ಇದ್ದಾರೆಂದು ಸರ್ಕಾರಕ್ಕೆ ಗೊತ್ತಿತ್ತು. ನಲವತ್ತು ವರ್ಷ ಕಳೆದು 1978ರಲ್ಲಿ ಅದೇ ಕಾಂಗ್ರೆಸ್ಸಿಗೆ ಇದು ಮನುಷ್ಯ ಅತಿಥಿ ಮಾತ್ರವಾಗಿರುವ ಜಾಗವಾಗಿ ಕಂಡಿತು. ಹಲಪೇಯ ಇಬ್ಬರು ಅತಿಥಿಗಳು ಸತ್ತು ಆಗ ಮೂರು ವರ್ಷವಾಗಿತ್ತು.

ಇಲ್ಲಿ ಊರೊಂದು ಉಳಿದಿದ್ದರೆ ಆ ರಾತ್ರಿ ಬೇರೆಯಾಗುತ್ತಿತ್ತು ಎಂದು ನಾನು ಹೇಳಲಾರೆ. 72 ನಿಮಿಷದ ಅವಕಾಶವಿತ್ತು, ಮೊದಲ ಕಂಪನಕ್ಕೂ ಎರಡನೆಯದಕ್ಕೂ ನಡುವೆ. 'ಹಿಂದೆ ಹೀಗೇ ಆಗಿತ್ತು, ಎದ್ದು ಮೇಲಕ್ಕೆ ನಡೀರಿ' ಎನ್ನಲು ಒಬ್ಬ ಮುದುಕಿಯಾದರೂ ಅಲ್ಲಿ ಇರಬಹುದಿತ್ತು, ಅಷ್ಟೇ. 1868ರ ವಿವರ ಆಗಲೇ ಅಚ್ಚಾಗಿತ್ತು, ಗ್ರಂಥಾಲಯಗಳಲ್ಲಿತ್ತು. ಭೂವಿಜ್ಞಾನಿಗಳು ಬಲ್ಲರು. ಆದರೆ ಟೆಂಟು ಎಲ್ಲಿ ಹಾಕಬೇಕು ಎಂಬ ಮಟ್ಟಕ್ಕೆ ಇಳಿದುಬರಲು ಆ ವಿವರಕ್ಕೆ ಇನ್ನೊಂದು ಸಾವು ಬೇಕಾಯಿತು. ಇಂದು ಕೌಂಟರಿನಲ್ಲಿ ರೇಂಜರ್ ಎಳೆದ ಆ ಎರಡು ಗೆರೆಗಳು ನನಗೆ 1868 ಮತ್ತು 1975ರ ಅಡಿಟಿಪ್ಪಣಿಗಳಂತೆ ಕಾಣುತ್ತವೆ.

ಗೆಳತಿ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಅಜ್ಜಿಯ ಊರು ಕಲಪನಾ. ಇದೇ ಕರಾವಳಿಯಲ್ಲಿ ಇನ್ನೂ ಪೂರ್ವಕ್ಕೆ ಇತ್ತು. 1990ರಲ್ಲಿ ಕಿಲೌಯಾದ ಲಾವಾ ಬಂದು ಮುಚ್ಚಿತು. "ನಾವು ಹೋಗಿಲ್ಲ. ಅಜ್ಜಿ ಇರುವತನಕ ವರ್ಷಕ್ಕೊಮ್ಮೆ ಆ ಕಲ್ಲಿನ ಮೇಲೆ ನಡೆದು, ಇಲ್ಲಿ ಅಡಿಗೆಮನೆ, ಇಲ್ಲಿ ಬಾವಿ ಅನ್ನುತ್ತಿದ್ದಳು. ನಿನ್ನ ಪ್ರಬಂಧದಲ್ಲಿ ಖಾಲಿಯಾದ ಊರು ಅಂತ ಬರೆಯುವಾಗ ಜನ ಎಲ್ಲಿಗೆ ಹೋದರು ಅಂತಾನೂ ಬರಿ" ಎಂದಳು. ಮಾರ್ಗದರ್ಶಕರು ಎರಡು ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. ಅವರು ಹೇಳಿದಾಗ ನನಗೆ ಅಷ್ಟು ನಾಟಿರಲಿಲ್ಲ.

ಮರುದಿನ ನಾವು ಹಲಪೇ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಬಿಸಿಲು ಏರುವ ಮೊದಲು ಒಂದಷ್ಟು ಹಳೆಯ ಕಟ್ಟೆಗಳನ್ನು ನೋಡಿದೆವು. ಕಲ್ಲಿನ ಜಗಲಿಗಳು, ಗೆಣಸು ನೆಡಲು ಒಟ್ಟಿದ ಸಣ್ಣಕಲ್ಲಿನ ಗುಪ್ಪೆಗಳು. ಮುಟ್ಟಬಾರದು, ಮೇಲೆ ಹತ್ತಬಾರದು. ಹಾಕ್ಸ್‌ಬಿಲ್ ಎಂಬ ಜಾತಿಯ ಕಡಲಾಮೆಗಳು ಈ ಮರಳಿಗೆ ಮೊಟ್ಟೆಯಿಡಲು ಬರುತ್ತವೆ. ನಾವು ಹೋದದ್ದು ಅವು ಬರುವ ಕಾಲವಲ್ಲ. ಆದರೆ ನೆಲ ಇಳಿದು ಹಳೆಯ ಮರಳು ಹೋಗಿ ಹೊಸ ಮರಳು ಬಂದ ಮೇಲೂ ಅವು ಬರುತ್ತಿವೆ ಎಂಬುದು ನನಗೆ ದೊಡ್ಡ ಸೋಜಿಗ. ಇನ್ನೊಂದು ಸೋಜಿಗವನ್ನು ಗೆಳತಿ ಹೇಳಿದಳು. 1970ರ ಸುಮಾರಿಗೆ, ಆಡುಗಳು ಬೋಳಿಸಿಬಿಟ್ಟಿದ್ದ ಈ ಕರಾವಳಿಯಲ್ಲಿ, ಆಡು ಒಳಗೆ ಬಾರದಂತೆ ಒಂದು ತುಂಡು ನೆಲಕ್ಕೆ ಬೇಲಿ ಹಾಕಿ ನೋಡಿದರಂತೆ. ಬೇಲಿಯೊಳಗೆ ಅವರೆ ಜಾತಿಯ ಒಂದು ಬಳ್ಳಿ ಎದ್ದು ಹಬ್ಬಿತು. ಅದುವರೆಗೆ ಯಾವ ಸಸ್ಯಶಾಸ್ತ್ರಜ್ಞರೂ ವಿವರಿಸದಿದ್ದ ಬಳ್ಳಿ. ಬೀಜ ಅಷ್ಟು ಕಾಲ ಮಣ್ಣಲ್ಲೇ ಬಿದ್ದಿತ್ತು.

ಈ ಕರಾವಳಿಯ ಇನ್ನೊಂದು ದಾರಿ ಪುಉಲೋವಾದಿಂದ ಬರುತ್ತದೆ. ಅದನ್ನು ನಾನು ಹಲಪೇಗೆ ಬರುವ ಹಿಂದಿನ ದಿನ ರಸ್ತೆಯ ಕಡೆಯಿಂದ ಹೋಗಿ ನೋಡಿದ್ದೆ. ನುಣುಪಾದ ಲಾವಾ ಹಾಸಿನ ಮೇಲೆ 23 ಸಾವಿರಕ್ಕೂ ಹೆಚ್ಚು ಕೆತ್ತನೆಗಳು. ಮನುಷ್ಯರು, ವೃತ್ತಗಳು, ಎಲ್ಲಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ಕುಳಿಗಳು. ಮಗು ಹುಟ್ಟಿದಾಗ ಬಿದ್ದ ಹೊಕ್ಕುಳಬಳ್ಳಿಯ ತುಂಡನ್ನು ಇಲ್ಲಿಗೆ ತಂದು ಒಂದು ಕುಳಿ ಕೊರೆದು ಇಡುತ್ತಿದ್ದರು, ಮಗು ಬಹುಕಾಲ ಬಾಳಲಿ ಎಂದು. ನನ್ನ ಹೊಕ್ಕುಳಬಳ್ಳಿಯನ್ನು ಎಲ್ಲಿ ಹೂತಿದ್ದಾರೋ ಅವ್ವನನ್ನು ಕೇಳಿಲ್ಲ. ತವರಿನಲ್ಲಿ ಹೆರಿಗೆಯಾದದ್ದು, ಆ ತವರುಮನೆ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ.

ಎರಡನೆಯ ರಾತ್ರಿ ಟೆಂಟಿನ ಜಾಗ ಬದಲಿಸಿದೆವು. ಮೊದಲ ದಿನ ಹಾಕಿದ್ದು ಎರಡು ಗೆರೆಗಳ ನಡುವೆಯೇ, ಆದರೆ ಅಲೆಯ ಸದ್ದು ಹತ್ತಿರವೆನ್ನಿಸಿ ನನಗೆ ನಿದ್ದೆ ಬಂದಿರಲಿಲ್ಲ. ಗೆಳತಿ ನಗುತ್ತಲೇ ಹಗ್ಗ ಬಿಚ್ಚಿದಳು. ಐವತ್ತು ಹೆಜ್ಜೆ ಮೇಲೆ ಹೋದರೆ ಬೆಟ್ಟ ಹತ್ತಿರವಾಯಿತು. ಬಿದ್ದ ಕಲ್ಲುಗಳು, ಹೊಸ ಮುರುಕುಗಳು ಕಂಡವು. ಮತ್ತೆ ಇಪ್ಪತ್ತು ಹೆಜ್ಜೆ ಇಳಿದೆವು. 2018ರ ಮೇ 4ರಂದು ಇದೇ ಮಗ್ಗುಲು 6.9ರ ತೀವ್ರತೆಯಲ್ಲಿ ಜಾರಿತ್ತು. ಆಗ ಅಲೆ ಸಣ್ಣದಿತ್ತು, ಅನಾಹುತವಾಗಲಿಲ್ಲ. ಅದನ್ನು ಅವಳು ಧೈರ್ಯಕ್ಕೆಂದು ಹೇಳಿದಳೋ ಹೆದರಿಸಲೆಂದೋ ಗೊತ್ತಾಗಲಿಲ್ಲ. ಟಾರ್ಚ್ ಹಿಡಿದು ಕತ್ತಲಾಗುವ ಮೊದಲು ಓಡುವ ದಾರಿಯನ್ನು ಒಮ್ಮೆ ನಡೆದು ಲೆಕ್ಕ ಹಾಕಿದೆವು. ಬೂಟುಗಳನ್ನು ಟೆಂಟಿನ ಬಾಯಲ್ಲೇ, ಕಾಲು ತೂರಿಸಿದರೆ ಹೋಗುವಂತೆ ತಿರುಗಿಸಿ ಇಟ್ಟೆವು. ಸೀದಾ ಮಲಗಿದ್ದು ಹತ್ತು ಗಂಟೆಗೆ.

ಮೂರೂ ಕಾಲಿಗೋ ಏನೋ ಎಚ್ಚರವಾಯಿತು. ನೆಲ ಅಲುಗಿತೋ ಗಾಳಿಗೆ ಟೆಂಟು ಅಲುಗಿತೋ ತಿಳಿಯಲಿಲ್ಲ. ಅವಳೂ ಎದ್ದು ಕೂತಿದ್ದಳು. ಇಬ್ಬರೂ ಬೆಟ್ಟದ ಕಡೆಗೆ ಕಿವಿಯಿಟ್ಟೆವು. ಕಲ್ಲು ಉರುಳುವ ಸದ್ದಿಲ್ಲ. "ನಡಿ" ಎಂದಳು. ಬೂಟು ಹಾಕಿಕೊಂಡು, ಸಾಮಾನು ಬಿಟ್ಟು, ಸಂಜೆ ನಡೆದಿದ್ದ ದಾರಿಯಲ್ಲೇ ಓರೆಯಾಗಿ ಮೇಲಕ್ಕೆ ಹೋಗಿ ಒಂದು ಬಂಡೆಯ ಮೇಲೆ ಕೂತೆವು. ಅಲ್ಲಿಂದ ಟೆಂಟಿನೊಳಗೆ ಮರೆತು ಬಂದ ಟಾರ್ಚಿನ ಬೆಳಕು ಕಾಣುತ್ತಿತ್ತು. ಆ ಇಡೀ ಕರಾವಳಿಯಲ್ಲಿ ಅದೊಂದೇ ದೀಪ. ಬೆಳಗಾಗುವವರೆಗೆ ಅವಳು ಕಲಪನಾದ ಮನೆಗಳ ಹೆಸರು ಒಂದೊಂದಾಗಿ ಹೇಳುತ್ತ ಹೋದಳು, ನಾನು ನೋಟ್‌ಬುಕ್ ಕೆಳಗೇ ಬಿಟ್ಟುಬಂದಿದ್ದೆ.

ಏನೂ ಆಗಲಿಲ್ಲ. ಆರೂವರೆಗೆ ಇಳಿದುಬಂದು, ಟ್ಯಾಂಕಿನ ನೀರನ್ನು ಸೋಸಿ ಕುದಿಸಿ ಚಹಾ ಮಾಡಿದೆವು. ಹಗ್ಗದ ತುದಿಯ ಕಲ್ಲುಗಳನ್ನು ಬಿಚ್ಚಿ, ಎಲ್ಲಿಂದ ತೆಗೆದಿದ್ದೆವೋ ಆ ಒಡ್ಡಿನ ಮೇಲೆಯೇ ಇಟ್ಟು, ಬಿಸಿಲೇರುವ ಮೊದಲು ಮೇಲಕ್ಕೆ ಹತ್ತಲು ಶುರುಮಾಡಿದೆವು.